ಬಾವಿಗೆ ರಜೆ

ಫಾಯಿಝ್ ಅಂಗಿಯ ತೋಳನ್ನು ಮೊಣಕೈ ತನಕ ಮಡಚಿಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಅಪ್ಪನ ಫೋನು ಮತ್ತೆ ಹೊಡೆದುಕೊಂಡಿತು. ಒಳಗೆ ಕಲ್ಲಿನ ಕಟ್ಟೆಯ ಮೇಲೆ ಮೊಯ್ದಿನ್ ಮಲಗಿದ್ದ. ಮಯ್ಯತ್ತನ್ನು, ಎಂದರೆ ಶವವನ್ನು, ಮೀಯಿಸುವ ಇಬ್ಬರು ಬಕೆಟ್ಟಿಗೆ ನೀರು ತುಂಬಿಸಿ ಮಗನಿಗಾಗಿ ಕಾಯುತ್ತಿದ್ದರು. ಫಾಯಿಝ್ ಜೇಬಿನಿಂದ ಫೋನು ತೆಗೆದು, ಯಾರದೆಂದೂ ನೋಡದೆ, ಬಾಗಿಲ ಪಕ್ಕ ನಿಂತಿದ್ದ ಶಿವಪುತ್ರನ ಕೈಗೆ ತುರುಕಿದ.

"ಬೆಳಿಗ್ಗೆಯಿಂದ ಸ್ಟಾಪೇ ಆಗ್ತಿಲ್ಲ ಅಂಕಲ್. ಯಾರು ಏನು ಗೊತ್ತಿಲ್ಲ. ಆಫ್ ಮಾಡಿಬಿಡಿ ಪ್ಲೀಸ್," ಎಂದು ಒಳಗೆ ಹೋದ. ಬಾಗಿಲು ಮುಚ್ಚಿತು.

ಶಿವಪುತ್ರನೂ ಮೊಯ್ದಿನ್ನನೂ ಒಂದೇ ಆಫೀಸಿನವರು. ಕತಾರಿನ ಉತ್ತರದ ತೋಟಗಳಲ್ಲಿರುವ ಬಾವಿಗಳಿಗೆ ಟೇಪು ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ಅಳೆಯುವುದು ಅವರ ಕೆಲಸ. ಒಬ್ಬ ಮೊದಲು ಇಳಿಸುವವನು, ಇನ್ನೊಬ್ಬ ಮತ್ತೆ ಇಳಿಸಿ ನೋಡುವವನು. ತಲೆ ನರೆಯುವ ತನಕ ಇಬ್ಬರೂ ಇದನ್ನೇ ಮಾಡಿದರು. ನಿನ್ನೆ ರಾತ್ರಿಯಿಂದ ಶಿವಪುತ್ರ ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ ಎಂದು ಕಾಗದಗಳ ಹಿಂದೆ ಓಡಿ, ಈಗ ಅಬು ಹಮೂರಿನ ಕಬರಸ್ತಾನದ ಈ ಬಾಗಿಲಿಗೆ ಬಂದು ನಿಂತಿದ್ದ. ಅಳುವುದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಪಕ್ಕದಲ್ಲಿ ಆಫೀಸಿನ ಟೋನಿ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಜುಲೈ ತಿಂಗಳ ಮಧ್ಯಾಹ್ನ. ನೆರಳಲ್ಲಿ ನಿಂತರೂ ಗೋಡೆಯ ಕಾವು ಬೆನ್ನಿಗೆ ಬಡಿಯುತ್ತಿತ್ತು.

"ಇಳಿಹೊತ್ತಿನ ಅಸರ್ ನಮಾಝ್ ಆದ ಮೇಲೆ ದಫನ ಅಂತೆ," ಎಂದ ಟೋನಿ. "ಎಷ್ಟು ಜನ ಬರ್ತಾರೋ ಏನೋ. ವಾರದ ನಡುವೆ ಅಲ್ಲವಾ. ಇವರು ಯಾವ ಸಂಘಕ್ಕೂ ಬರ್ತಿರಲಿಲ್ಲ, ಯಾರ ಮದುವೆಗೂ ಇಲ್ಲ. ದೋಹಾದಲ್ಲಿ ಇವರ ಗುರುತು ಯಾರಿಗುಂಟು ಹೇಳಿ."

ಫೋನು ಆರಿಸಲು ಹೋದ ಶಿವಪುತ್ರನ ಬೆರಳು ಅಲ್ಲೇ ನಿಂತಿತ್ತು. ಕರೆಯುತ್ತಿದ್ದವನ ಹೆಸರು 'ಬಾವಿ ನಸೀಮ್'. ಅದರ ಕೆಳಗೆ ಎತ್ತದೆ ಬಿಟ್ಟ ಕರೆಗಳು: ಬಾವಿ ಸಲಾಂ, ಬಾವಿ ಗುಲ್ ಖಾನ್, ಬಾವಿ ಲತೇಶ್, ಮತ್ತೆ ಬಾವಿ ಲತೇಶ್, ಮತ್ತೆ ಬಾವಿ ಲತೇಶ್. ಇವತ್ತು ಅಳತೆಯ ದಿನ.

ಅಳತೆಯ ಹಿಂದಿನ ಸಂಜೆಯೇ ತೋಟಗಳ ಮೋಟರ್ ನಿಲ್ಲಿಸಬೇಕು. ರಾತ್ರಿಯೆಲ್ಲ ಯಾರೂ ಎಳೆಯದೆ ಬಿಟ್ಟರೆ ಬಾವಿಯ ನೀರು ತನ್ನ ಮಟ್ಟಕ್ಕೆ ತಾನು ಬಂದು ನಿಲ್ಲುತ್ತದೆ. ಆಗ ಅಳೆದದ್ದೇ ನಿಜವಾದ ಅಳತೆ. ಮೊಯ್ದಿನ್ ಇದಕ್ಕೆ ಬಾವಿಗೆ ರಜೆ ಕೊಡುವುದು ಎನ್ನುತ್ತಿದ್ದ. ನಿನ್ನೆಯೂ ಅಲ್ ಹಿಲಾಲ್ ಬಡಾವಣೆಯ ತನ್ನ ಮನೆಯ ಸೋಫಾದಲ್ಲಿ ಕೂತು, ತೋಟ ಕಾಯುವ ಒಬ್ಬೊಬ್ಬನಿಗೂ ಫೋನು ಮಾಡಿ, ರಜೆ ಕೊಡಿ, ಬೆಳಿಗ್ಗೆ ಬರುತ್ತೇನೆ ಎಂದಿದ್ದ. ಆಮೇಲೆ ಹೆಂಡತಿಯಲ್ಲಿ ಶುಂಠಿ ಚಹಾ ಕೇಳಿದ್ದ. ಚಹಾ ತರುವಷ್ಟರಲ್ಲಿ ಒಂದು ಬದಿಗೆ ವಾಲಿದ್ದ.

ಎಂದರೆ ಉತ್ತರದ ತೋಟಗಳೆಲ್ಲ ಮೋಟರ್ ನಿಲ್ಲಿಸಿಕೊಂಡು, ಈ ಸುಡು ಬಿಸಿಲಿನಲ್ಲಿ, ಒಳಗೆ ಸ್ನಾನ ಮಾಡಿಸಿಕೊಳ್ಳುತ್ತಿರುವ ಈ ಮನುಷ್ಯನ ದಾರಿ ಕಾಯುತ್ತಿದ್ದವು.

"ಯಪ್ಪಾ," ಎಂದು ಶಿವಪುತ್ರ ಗೋಡೆಗೆ ಒರಗಿದ. "ನಾ ಹೆಂಗ್ ಮರತ್ನ್ಯೋ ಟೋನಿ. ಮೋಟರ್ ಹಾಕ್ರಿ ಅಂತ ಅವರಿಗೆ ಯಾರೂ ಹೇಳೇ ಇಲ್ಲ."

ಒಬ್ಬೊಬ್ಬರಿಗೇ ಹಿಂದಿಯಲ್ಲಿ ಹೇಳುತ್ತಾ ಹೋದ. ಮೊಯ್ದಿನ್ ಭಾಯ್ ಇಲ್ಲ, ನಿನ್ನೆ ರಾತ್ರಿ ಹೋದರು, ನೀವು ಮೋಟರ್ ಹಾಕಿ. ನಸೀಮ್ ಕಬರಸ್ತಾನ ಯಾವುದು ಎಂದಷ್ಟೇ ಕೇಳಿದ. ಗುಲ್ ಖಾನ್ ಅತ್ತ. ಶಿವಪುತ್ರನಿಗೆ ಆ ಅಳು ಕೇಳಿ ಹೊಟ್ಟೆಯುರಿಯಿತು. ತನಗಿನ್ನೂ ಬಾರದ್ದು ಅವನಿಗೆ ಬಂದಿತ್ತು.

ಕೊನೆಯವನು ಲತೇಶ್. ಕಾರ್ಕಳದ ಕಡೆಯ ಹುಡುಗ, ತುದಿಯ ತೋಟವೊಂದರಲ್ಲಿ ಹಸಿರುಮನೆ ನೋಡಿಕೊಳ್ಳುವವನು. ಸಾವಿನ ಸುದ್ದಿ ಕೇಳಿ, "ದೇವರೇ," ಎಂದು ಉಸಿರುಬಿಟ್ಟ. ಆಮೇಲೆ ದನಿ ತಗ್ಗಿಸಿದ.

"ಶಿವಪುತ್ರಣ್ಣ, ನನ್ನ ಮೋಟರ್ ಹಾಕ್ತೇನೆ, ಅದು ಬಿಡಿ. ಆಚೆಯ ತೋಟದ ವಿರುಪಾಕ್ಷಪ್ಪಜ್ಜನ ಕತೆ ಬೇರೆ ಉಂಟು. ಅವರ ಟ್ಯಾಂಕ್ ಬೆಳಿಗ್ಗೆಯೇ ಖಾಲಿ. ಕುರಿಗಳು ಬೀಳ್ಲಿಕ್ಕೆ ಶುರುವಾಗಿದೆ. ನಾನು ಪಿಕಪ್ಪಿನಲ್ಲಿ ಎರಡು ಡ್ರಮ್ಮು ಕೊಂಡೋಗಿ ಹಾಕಿದೆ, ಅದು ಯಾವ ಮೂಲೆಗೆ. ಮೋಟರ್ ಹಾಕಿ ಅಂದ್ರೆ ಶೆಡ್ಡಿಗೆ ಬೀಗ ಜಡಿದು ಬಾಗಿಲಿಗೆ ಬೆನ್ನು ಕೊಟ್ಟು ಬಿಸಿಲಲ್ಲಿ ಕೂತಿದ್ದಾರೆ. ಮೊಯ್ದಿನ್ ಸಾಹೇಬ್ರು ಬಂದು ಹೇಳ್ಬೇಕಂತೆ."

"ಫೋನ್ ಕೊಡು ಅವರ ಕೈಯಾಗ."

"ಕೊಟ್ರೆ ತಗೊಳ್ಳುದಿಲ್ಲ. ಫೋನಿನಲ್ಲಿ ಯಾರು ಹೇಳಿದ್ರೂ ಇಲ್ಲ ಅಂತಾರೆ. ಒಮ್ಮೆ ವಾಂತಿ ಮಾಡಿದ್ರು. ಆಂಬುಲೆನ್ಸ್ ಕರೀತೇನೆ ಅಂದ್ರೆ ಕಲ್ಲು ಎತ್ತಿಕೊಳ್ತಾರೆ. ಬೀಗ ಒಡೆಯುವ ಅಂದ್ರೆ, ನನ್ನನ್ನು ಕೊಂದು ಒಡಿ ಅಂತಾರೆ. ನಾನು ಎಂತ ಮಾಡ್ಲಿ?"

ಶಿವಪುತ್ರ ಮುಚ್ಚಿದ ಬಾಗಿಲನ್ನು ನೋಡಿದ. ಒಳಗೆ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಅಜ್ಜನ ತೋಟಕ್ಕೆ ಹೋದರೆ ದಫನದ ಹೊತ್ತಿಗೆ ಹಿಂತಿರುಗಲು ಆಗುವುದಿಲ್ಲ.

*

ನದಿಯೇ ಇಲ್ಲದ ದೇಶದಲ್ಲಿ ಜಲಾನಯನದ ಕೆಲಸ ಎಂದರೆ ಊರಿನವರು ನಗುತ್ತಿದ್ದರು. ಮೊಯ್ದಿನ್ ನೇತ್ರಾವತಿ ದಂಡೆಯವನು, ಶಿವಪುತ್ರ ಮಲಪ್ರಭೆ ದಂಡೆಯವನು. ಕಣ್ಣೆದುರು ಹರಿಯುವ ಹೊಳೆ ಬಿಟ್ಟು, ಕಣ್ಣಿಗೆ ಕಾಣದ ನೀರನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು.

ಇಲ್ಲಿ ನೀರೆಲ್ಲ ನೆಲದಡಿ. ಚಳಿಗಾಲದಲ್ಲಿ ಬೀಳುವ ನಾಲ್ಕು ಹನಿ ತಗ್ಗುಗಳಲ್ಲಿ ನಿಂತು, ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ಸಿಹಿನೀರಾಗಿ ನಿಲ್ಲುತ್ತದೆ. ತೋಟದವರೆಲ್ಲ ಎಳೆಯುವುದು ಅದನ್ನೇ. ಒಬ್ಬ ಹೆಚ್ಚು ಎಳೆದರೆ ಪಕ್ಕದವನ ಬಾವಿಗೆ ಉಪ್ಪು ಏರುತ್ತದೆ. ಹಾಗಾಗಿ ತೋಟಗಳ ಯಜಮಾನರೂ ಆಫೀಸೂ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ತೋಟದವರು ಬಾವಿಗೆ ರಜೆ ಕೊಡಬೇಕು, ಅಳೆಯಲು ಬಿಡಬೇಕು. ಎಲ್ಲರ ಬಾವಿಯ ಸಂಗತಿ ಎಲ್ಲರಿಗೂ ತಿಳಿಯಬೇಕು. ಯಜಮಾನರು ಸಹಿ ಹಾಕಿ ದೋಹಾಕ್ಕೆ ಹೋದರು. ಒಪ್ಪಂದ ನಡೆದದ್ದು ತೋಟ ಕಾಯುವವರಿಂದ, ಅವರನ್ನು ಹಿಡಿದಿಟ್ಟದ್ದು ಮೊಯ್ದಿನ್. ಒಬ್ಬನಿಗೆ ಊರಿನ ಮಾತ್ರೆ, ಒಬ್ಬನಿಗೆ ಕನ್ನಡಕ, ಒಬ್ಬನ ಮಗಳ ಮದುವೆಗೆ ಫೋನಿನಲ್ಲೇ ದುಆ. ಮನೆಯಲ್ಲಿ ಮಾತ್ರ ಈ ಮನುಷ್ಯನಿಗೆ ಬಾಯಿಯೇ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಶಿವಪುತ್ರ ಒಂದು ಹಳೆಯ ಬಾವಿಯ ಕಟ್ಟೆಗೆ ಬಗ್ಗಿ, ನೀರೆಷ್ಟಿದೆ ನೋಡೋಣವೆಂದು ಒಂದು ಹರಳು ಎಸೆದಿದ್ದ. ಊರಿನಲ್ಲಿ ಹುಡುಗರೆಲ್ಲ ಮಾಡುವ ಕೆಲಸವೇ. ಮೊಯ್ದಿನ್ ಟೇಪಿನ ಸುರುಳಿ ಕೆಳಗಿಟ್ಟು ಅವನ ಕೈ ಹಿಡಿದ.

"ಬಾವಿಗೆ ಎಂತದೂ ಹಾಕ್ಬಾರದು ಮಾರಾಯ. ಮಣ್ಣೂ ಇಲ್ಲ, ಕಲ್ಲೂ ಇಲ್ಲ. ಹೋದವ ಬಂದವ ಒಂದೊಂದು ಹಾಕಿದ್ರೆ ನಾಳೆ ನಾವು ಅಳೆಯುದು ನೀರನ್ನಾ, ಅವರು ಹಾಕಿದ್ದನ್ನಾ?"

ಆಮೇಲೆ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಉಜ್ಜುವುದನ್ನು ಹೇಳಿಕೊಟ್ಟ. ಒದ್ದೆಯಾದ ಜಾಗದಲ್ಲಿ ಸುಣ್ಣದ ಬಣ್ಣ ಬದಲಾಗುತ್ತದೆ, ಅಲ್ಲಿಗೆ ನೀರು. ಒಬ್ಬ ಓದಿದ್ದನ್ನು ಇನ್ನೊಬ್ಬನಿಗೆ ಹೇಳುವಂತಿಲ್ಲ. ಇನ್ನೊಬ್ಬನೂ ಇಳಿಸಿ, ತಾನೇ ಓದಬೇಕು. ಎರಡು ಬಾಯಿ ಒಂದೇ ಮಾತು ಹೇಳಿದರೆ ಬರೆಯಬೇಕು, ಇಲ್ಲದಿದ್ದರೆ ಮತ್ತೆ ಇಳಿಸಬೇಕು.

ಮಧ್ಯಾಹ್ನ ಕಾರಿನ ನೆರಳಲ್ಲಿ ಕೂತು ಊಟ. ಮೊಯ್ದಿನ್ನನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಶಿವಪುತ್ರನದು ರೊಟ್ಟಿ, ಶೇಂಗಾ ಚಟ್ನಿ. ಮೀನು ಇವನು ಮುಟ್ಟುವುದಿಲ್ಲ. ಚಟ್ನಿ ಮಾತ್ರ ದಿನವೂ ಅರ್ಧ ಮೊಯ್ದಿನ್ನನ ಪಾಲಾಗುತ್ತಿತ್ತು. ಹಾಗೆ ಒಂದು ದಿನ ಊಟ ಮಾಡುತ್ತಿದ್ದಾಗಲೇ ಸಾವಿನ ಮಾತು ಬಂದದ್ದು.

"ನಿಮ್ಮಲ್ಲಿ ಸುಡುದಾ?" ಎಂದು ಮೊಯ್ದಿನ್ ಕೇಳಿದ.

"ಇಲ್ರಿ, ನಾವು ಲಿಂಗಾಯತರು. ನಮ್ಮಲ್ಲೂ ಹೂಳೂದ."

ಮೊಯ್ದಿನ್ನನಿಗೆ ಇದು ಬಹಳ ಹಿಡಿಸಿತು. "ಹಾಗಾದ್ರೆ ಲೆಕ್ಕ ಸರಿಯಾಯ್ತು ನೋಡು. ನಾನು ಮೊದಲು ಹೋದ್ರೆ ನೀನು ಮೂರು ಹಿಡಿ ಮಣ್ಣು ಹಾಕು. ನೀನು ಮೊದಲು ಹೋದ್ರೆ ನಿನ್ನ ಊರಿಗೆ ಬಂದು ನಾನು ಹಾಕ್ತೇನೆ. ಇಷ್ಟು ವರ್ಷ ಎಂತದೂ ಹಾಕದೆ ಬರೇ ಇಳಿಸಿದ್ದೇ ಆಯ್ತಲ್ಲ ನಮ್ಮದು."

ಇಬ್ಬರೂ ನಕ್ಕಿದ್ದರು. ಆದರೆ ಶಿವಪುತ್ರ ಅದನ್ನು ನಗೆಯ ಮಾತೆಂದು ಇಟ್ಟುಕೊಂಡಿರಲಿಲ್ಲ.

*

ಬಿಳಿ ಬಟ್ಟೆ ಸುತ್ತಿ ಮುಖ ಮಾತ್ರ ಬಿಟ್ಟ ಮೇಲೆ ಹೆಂಗಸರನ್ನು ಕರೆದರು. ಮೊಯ್ದಿನ್ನನ ಹೆಂಡತಿ ಸಾರಮ್ಮ ನೋಡಿ ಬಂದು ಪಕ್ಕದ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಶಿವಪುತ್ರ ಬಾಗಿಲಲ್ಲಿ ನಿಂತು ಕೆಮ್ಮಿದ.

"ಅಕ್ಕಾರ, ಒಂದ್ ಮಾತಿತ್ತು."

ಅವಳು ತಲೆಯೆತ್ತಿ, ಅವನ ಕೈಯಲ್ಲಿದ್ದ ಗಂಡನ ಫೋನನ್ನು ನೋಡಿದಳು.

"ಬಾವಿದಾ?"

ಅವನು ತಲೆ ತಗ್ಗಿಸಿದ.

"ಇವತ್ತೂ ಬಾವಿಯಾ ಶಿವಪುತ್ರಣ್ಣ," ಎಂದಳು ಸಾರಮ್ಮ. ದನಿ ಏರಲಿಲ್ಲ, ಒಣಗಿತ್ತು ಅಷ್ಟೇ. "ಮದುವೆಯಾದ ವಾರಕ್ಕೇ ಬಾವಿ ಅಂತ ಹಾರಿ ಬಂದವರು. ಮಗ ಹುಟ್ಟುವಾಗ ಬಾವಿ. ನನ್ನನ್ನು ಹೆತ್ತ ಉಮ್ಮ ತೀರಿದಾಗ ಬಾವಿ. ಫಾಯಿಝ್ ಯಾವ ಕ್ಲಾಸ್ ಅಂತ ಕೇಳಿದ್ರೆ ಗೊತ್ತಿರಲಿಲ್ಲ ಅವರಿಗೆ. ಒಂದು ಸಾರಿ ಎಂತ ಆಯ್ತು ಗೊತ್ತುಂಟಾ, ನಾನು ಜ್ವರದಲ್ಲಿ ಮಲಗಿದ್ದೇನೆ, ಇವರು ಫೋನಿನಲ್ಲಿ ಯಾರಿಗೋ ಹೇಳ್ತಾ ಇದ್ರು, ಬಾವಿಗೆ ಇವತ್ತು ರೆಸ್ಟ್ ಬೇಕು ಅಂತ. ಇವತ್ತು ಒಂದು ದಿನ ಆದ್ರೂ ಅವರು ನಮ್ಮವರು ಅಂದ್ಕೊಂಡಿದ್ದೆ."

ಶಿವಪುತ್ರನಿಗೆ ನಾಚಿಕೆಯಾಯಿತು. ಬಂದ ದಾರಿಯಲ್ಲೇ ತಿರುಗಿ ಹೋಗೋಣ ಎನ್ನಿಸಿತು. ಆದರೂ ವಿರುಪಾಕ್ಷಪ್ಪನ ವಿಷಯ ಹೇಳಿದ. ಬಿಸಿಲು, ಬೀಗ, ವಾಂತಿ. ತಾನಲ್ಲದೆ ಬೇರೆ ಯಾರು ಹೋದರೂ ಆ ಮುದುಕ ನಂಬುವುದಿಲ್ಲ ಎಂಬುದನ್ನೂ ಹೇಳಿದ.

ಸಾರಮ್ಮ ಚೀಲ ತೆರೆದು, ಟಿಶ್ಯೂ ಕಾಗದದಲ್ಲಿ ಸುತ್ತಿದ ಹಳೆಯ ಒತ್ತುಗುಂಡಿಯ ಫೋನೊಂದನ್ನು ಹೊರತೆಗೆದಳು.

"ನಿನ್ನೆ ಅವರ ಅಂಗಿ ಜೇಬಲ್ಲಿ ಇತ್ತು. ಯಾರದ್ದು ಅಂತ ರಾತ್ರಿಯಿಂದ ಯೋಚನೆ ಮಾಡ್ತಾ ಇದ್ದೆ. ಆ ಅಜ್ಜನದ್ದಾ?"

"ಹೌದ್ರಿ. ನೀರಾಗ ಬಿದ್ದಿತ್ತು. ರಿಪೇರಿ ಮಾಡಿಸಿ ಕೊಡ್ತೀನಿ ಅಂತ ಹೋದ ವಾರ ತಂದಿದ್ರು."

ಅವಳು ಆ ಫೋನನ್ನು ತಿರುವಿ ತಿರುವಿ ನೋಡಿದಳು. ಅತ್ತಿದ್ದರೆ ಶಿವಪುತ್ರನಿಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ. "ನಮ್ಮ ಮನೆಯ ಮಿಕ್ಸಿ ಎರಡು ತಿಂಗಳಿಂದ ರಿಪೇರಿಗೆ ಕಾಯ್ತಾ ಉಂಟು," ಎಂದಷ್ಟೇ ಹೇಳಿ, ಫೋನನ್ನು ಅವನ ಕೈಗಿತ್ತಳು. "ಹೋಗಿ. ಅವರು ಇದ್ದಿದ್ರೆ ಹೋಗದೆ ಇರ್ತಿದ್ರಾ?"

"ಮಣ್ಣ ಹಾಕ್ತೀನಿ ಅಂತ ಮಾತ್ ಕೊಟ್ಟಿದ್ನಿ ಅಕ್ಕಾರ."

"ಗೊತ್ತುಂಟು. ನನ್ನ ಹತ್ತಿರ ಹೇಳಿದ್ರು, ನಗಾಡ್ತಾ." ಅವಳು ಚೀಲ ಮುಚ್ಚಿದಳು. "ಮಣ್ಣು ಹಾಕುವಾಗ ಫಾಯಿಝ್ ನಿಮಗೆ ಫೋನ್ ಮಾಡ್ತಾನೆ. ನೀವು ಎಲ್ಲಿದ್ದೀರೋ ಅಲ್ಲಿಂದಲೇ ಹಾಕಿ."

*

ವಿರುಪಾಕ್ಷಪ್ಪ ಹುಟ್ಟಾ ಹಠಮಾರಿಯಲ್ಲ. ಆ ಹಠ ಮೊಯ್ದಿನ್ ಕಲಿಸಿದ್ದು.

ಗದಗದ ಕಡೆಯ ಮುದುಕ. ಕಟ್ಟಡದ ಕೆಲಸಕ್ಕೆಂದು ಬಂದು, ಮೈ ಕಸುವು ಹೋದ ಮೇಲೆ ತೀರಾ ಉತ್ತರದ ತುದಿಯ ಮಜ್ರಾದಲ್ಲಿ, ಎಂದರೆ ಅಲ್ಲಿಯ ತೋಟದಲ್ಲಿ, ಕುರಿ ಮೇಯಿಸುತ್ತಾ ಉಳಿದುಬಿಟ್ಟಿದ್ದ. ಆಚೆಗೆ ಸಮುದ್ರ. ಉಪ್ಪು ಒಳಗೆ ನುಗ್ಗಿದರೆ ಮೊದಲು ಮುಟ್ಟುವುದು ಅವನ ಬಾವಿಯನ್ನೇ. ಅದೊಂದರ ಅಳತೆ ತಪ್ಪಿದರೆ ಇಡೀ ಉತ್ತರದ ಚಿತ್ರವೇ ಹಾಳು.

ಹಿಂದೊಮ್ಮೆ ಅಳತೆಯ ದಿನ ಬೆಳಿಗ್ಗೆ ಅವನಿಗೊಂದು ಫೋನು ಬಂತು. ಆಫೀಸಿನಿಂದ ಮಾತಾಡುತ್ತಿದ್ದೇವೆ, ಅಳತೆ ಮುಗಿಯಿತು, ಮೋಟರ್ ಹಾಕು. ಹಾಕಿದ. ಅದು ಆಫೀಸಿನದಾಗಿರಲಿಲ್ಲ; ಯಜಮಾನನ ಮಗನಿಗೆ ಗೆಳೆಯರು ಬರುವ ಮೊದಲು ಈಜುಕೊಳ ತುಂಬಿಸಬೇಕಿತ್ತು. ಇವರಿಬ್ಬರು ಬಂದು ನೋಡಿದರೆ ಬಾವಿಯ ನೀರು ಎಲ್ಲೋ ಇಳಿದುಹೋಗಿತ್ತು. ಮೊಯ್ದಿನ್ ಬೈಯಲಿಲ್ಲ. ಕಾರಿನಲ್ಲಿ ಕೂತು ಡಬ್ಬಿ ತೆರೆದ, ಮುಚ್ಚಿದ. ಆ ದಿನ ಉಣ್ಣಲಿಲ್ಲ.

ಮುದುಕನಿಗೆ ಅದು ಬೈಗುಳಕ್ಕಿಂತ ಹೆಚ್ಚಿಗೆ ನಾಟಿತು. ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದು ಹೇಳಿದ: "ಇನ್ನ ಮ್ಯಾಲೆ ನೀವಿಬ್ಬರೊಳಗ ಒಬ್ರು ನನ್ನ ಕಣ್ಣ ಮುಂದ ನಿಂತು ಹೇಳೂಮಟ ನಾ ಮೋಟರ್ ಮುಟ್ಟಾಂಗಿಲ್ರಿ. ಅಮೀರನ ಬಂದ್ರೂ ಇಲ್ಲ."

"ಹಾಗೇ ಇರಿ ಅಜ್ಜ," ಎಂದಿದ್ದ ಮೊಯ್ದಿನ್, ಖುಷಿಯಿಂದ. "ನಿಮ್ಮಂಥವರು ಇನ್ನು ನಾಲ್ಕು ಜನ ಇದ್ರೆ ಸಾಕಿತ್ತು."

ಕಳೆದ ವಾರ ಅಳತೆಯ ದಿನ ತಿಳಿಸಲು ಹೋದಾಗ ವಿರುಪಾಕ್ಷಪ್ಪ ಇನ್ನೊಂದು ಸಂಗತಿ ಹೇಳಿದ್ದ. ಮೋಟರ್ ಕೆಮ್ಮುತ್ತಿದೆ. ಒಂದಿಷ್ಟು ನೀರು, ಆಮೇಲೆ ಗಾಳಿ, ಆಮೇಲೆ ಕೆಸರು. ಕುರಿಗಳು ಆ ನೀರಿಗೆ ಮೂಗೊಡ್ಡಿ ಹಿಂದೆ ಸರಿಯುತ್ತವೆ.

"ಒಂದು ರಾತ್ರಿ ಪೂರ್ತಿ ರಜೆ ಕೊಟ್ಟು ನೋಡಿ ಅಜ್ಜ," ಎಂದು ಮೊಯ್ದಿನ್ ಅವನ ಹೆಗಲು ತಟ್ಟಿದ. "ಏರ್ತದೆ. ಗ್ಯಾರಂಟಿ ಏರ್ತದೆ."

ವಾಪಸು ಬರುವಾಗ ಕಾರಿನಲ್ಲಿ ಶಿವಪುತ್ರ ಕೇಳಿದ: "ಏರಾಂಗಿಲ್ಲ ಅಲ್ರಿ?"

"ಏರುದಿಲ್ಲ."

"ಮತ್ಯಾಕ ಹಂಗ ಹೇಳಿದ್ರಿ?"

ಮೊಯ್ದಿನ್ ಕಾರಿನ ವೇಗ ತಗ್ಗಿಸಿದ. "ಎಂತ ಹೇಳುದು ಮಾರಾಯ. ಆ ಬಾವಿ ಹೋದ್ರೆ ಮಜ್ರಾ ಮುಚ್ತಾರೆ. ಆ ಅಜ್ಜನಿಗೆ ಬೇರೆ ಎಲ್ಲಿ ಉಂಟು? ಇಷ್ಟು ವರ್ಷ ಅಳೆದೆವು, ಪ್ರತಿ ಸಾರಿ ಕೆಳಗೇ ಹೋಯ್ತು. ಒಂದು ಸಾರಿಯಾದ್ರೂ ಮೇಲೆ ಬಂತು ಅಂತ ಯಾರಿಗಾದ್ರೂ ಹೇಳ್ಬೇಕು ಅಂತ ಆಸೆ ನಂಗೆ."

*

ಶಿವಪುತ್ರ ಮೊಯ್ದಿನ್ನನ ಕಾರನ್ನೇ ತೆಗೆದುಕೊಂಡು ಹೊರಟ. ಟೇಪು, ಸೀಮೆಸುಣ್ಣ ಎಲ್ಲ ಅದರ ಡಿಕ್ಕಿಯಲ್ಲೇ ಇದ್ದವು. ಗಿಡ್ಡ ಆಳಿಗೆಂದು ಮುಂದಕ್ಕೆ ಎಳೆದಿಟ್ಟ ಸೀಟು. ಇವನ ಮೊಣಕಾಲು ಸ್ಟಿಯರಿಂಗಿಗೆ ತಗಲುತ್ತಿತ್ತು. ಹಿಂದಕ್ಕೆ ಸರಿಸಲು ಮನಸ್ಸು ಬರಲಿಲ್ಲ. ಹಾಗೇ ಮುದುಡಿ ಕೂತು ಉತ್ತರದ ಹೆದ್ದಾರಿಯಲ್ಲಿ ಓಡಿಸಿದ.

ದಾರಿಯ ಎರಡೂ ಬದಿ ಅವರಿಬ್ಬರೂ ಅಳೆಯುತ್ತಿದ್ದ ತೋಟಗಳು. ಈ ದಾರಿಯಲ್ಲಿ ಅವನು ಮೊದಲ ಸಲ ಒಬ್ಬನೇ ಹೋಗುತ್ತಿದ್ದ. ಎದುರಿನಿಂದ ಪಿಕಪ್ಪೊಂದು ದೋಹಾದ ಕಡೆಗೆ ಹೋಯಿತು. ಹಿಂದೆ ಮೂರು ನಾಲ್ಕು ಮಂದಿ ತಲೆಗೆ ಬಟ್ಟೆ ಸುತ್ತಿಕೊಂಡ ಕೆಲಸಗಾರರು. ಯಾರೆಂದು ನೋಡುವಷ್ಟು ವ್ಯವಧಾನ ಅವನಿಗಿರಲಿಲ್ಲ.

ವಿರುಪಾಕ್ಷಪ್ಪನ ಮಜ್ರಾದ ಗೇಟಿನಲ್ಲಿ ಲತೇಶ್ ಕಾಯುತ್ತಿದ್ದ. "ಬೇಗ ಬನ್ನಿ. ಈಗ ಮಾತೂ ತೊದಲ್ತಾ ಉಂಟು."

ನೆರಳು ಬಲೆಯ ಕೆಳಗೆ ಕುರಿಗಳು ಬಾಯಿ ತೆರೆದು ಒತ್ತೊತ್ತಾಗಿ ನಿಂತಿದ್ದವು. ಬದಿಯಲ್ಲಿ ಕೆಲವು ಮಲಗಿದ್ದವು, ಅವು ಏಳುವಂಥವಲ್ಲ. ನೊಣಗಳು ಆಗಲೇ ಬಂದಿದ್ದವು. ತಗಡಿನ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು, ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ವಿರುಪಾಕ್ಷಪ್ಪ ಕೂತಿದ್ದ. ತುಟಿ ಬೆಳ್ಳಗಾಗಿತ್ತು. ಒಂದು ಕೈ ಸೊಂಟದ ಉಡದಾರದಲ್ಲಿದ್ದ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಶಿವಪುತ್ರನನ್ನು ಕಂಡದ್ದೇ ಅವನ ಮುಖ ಬಿಚ್ಚಿಕೊಂಡಿತು.

"ಬಂದ್ರೇನ್ರಿ. ಎಷ್ಟ್ ಹೊತ್ ಮಾಡಿದ್ರಿ. ಈ ಹುಡುಗ ಏನೇನೋ ಅಂತಾನ, ನಾ ನಂಬಲಿಲ್ಲ. ಸಾಹೇಬ್ರು ಗಾಡ್ಯಾಗ ಅದಾರೇನು?"

ಗಾಡಿ ಮೊಯ್ದಿನ್ನನದೇ. ಮುದುಕನ ಕಣ್ಣು ಅದರ ಇನ್ನೊಂದು ಬಾಗಿಲನ್ನೇ ನೋಡುತ್ತಿತ್ತು.

ಶಿವಪುತ್ರ ಅವನೆದುರು ಕುಕ್ಕರಗಾಲಲ್ಲಿ ಕೂತು, ನೀರಿನ ಬಾಟಲಿ ತೆರೆದು ಬಾಯಿಗೆ ಹಿಡಿದ. ಮುದುಕ ಕುಡಿದ. ಉಳಿದದ್ದನ್ನು ಶಿವಪುತ್ರ ಅವನ ನೆತ್ತಿಗೆ ಸುರಿದ. ಆಮೇಲೆ ರಿಪೇರಿಯಾದ ಫೋನನ್ನು ಅವನ ಅಂಗೈಯಲ್ಲಿಟ್ಟ.

"ಅಜ್ಜಾರ, ಲತೇಶ್ ಹೇಳಿದ್ದು ಖರೇ ಅದ. ಸಾಹೇಬ್ರು ನಿನ್ನೆ ರಾತ್ರಿ ತೀರ್ಕೊಂಡ್ರು. ಈಗ ಅಲ್ಲಿ ಮಣ್ಣ ಮಾಡಾಕ್ಹತ್ಯಾರ. ನಾ ಅದನ್ನ ಬಿಟ್ಟು ನಿಮ್ಮ ಕಡೆ ಬಂದೀನಿ."

ಫೋನಿನ ಗುಂಡಿ ಒತ್ತಿದ ಮುದುಕ. ದೀಪ ಹತ್ತಿತು. ಆ ದೀಪ ಆರುವ ತನಕ ಅದನ್ನೇ ನೋಡುತ್ತಾ ಕೂತ.

"ಏರ್ತೈತಿ ಅಂದಿದ್ರು," ಎಂದ. "ಪೂರ್ತಿ ರಜಾ ಕೊಟ್ಟೀನ್ರಿ. ನಿನ್ನೆ ಸಂಜೀಲಿಂದ ಒಂದ್ ಹನಿ ಜಗ್ಗಿಲ್ಲ. ಕುರಿ ಸತ್ರೂ ಜಗ್ಗಿಲ್ಲ. ನೀರ್ ಏರಿದ್ದು ಅವರ ನೋಡ್ಬೇಕಂತ ಕುಂತಿದ್ನಿ."

"ಮೋಟರ್ ಹಾಕೂಣ ನಡ್ರಿ."

"ಅಳತಿ?" ವಿರುಪಾಕ್ಷಪ್ಪ ತಲೆಯೆತ್ತಿದ. "ಅಳತಿ ಆಗಲಾರ್ದ ಹೆಂಗ ಹಾಕೂದು? ಹಂಗಾದ್ರ ಈ ಕುರಿ ಯಾತಕ್ಕ ಸತ್ತುವು?"

ಶಿವಪುತ್ರ ಡಿಕ್ಕಿಯಿಂದ ಟೇಪು ತಂದ. ಲತೇಶ್ ಮುದುಕನನ್ನು ಹಿಡಿದು ಬಾವಿಕಟ್ಟೆಯ ತನಕ ನಡೆಸಿದ. ಆಮೇಲೆ ನೀರಿನ ಟ್ಯಾಂಕರಿಗೆ ಹೇಳುತ್ತೇನೆಂದು ಗೇಟಿನ ಕಡೆಗೆ ಹೋದ; ಮುಂದೆ ಆಗುವುದನ್ನು ನೋಡಲು ಅವನಿಗೂ ಮನಸ್ಸಿರಲಿಲ್ಲ.

ಇಷ್ಟು ವರ್ಷ ಶಿವಪುತ್ರ ಯಾವಾಗಲೂ ಎರಡನೆಯ ಸಲ ಇಳಿಸಿದವನು. ಇವತ್ತು ಮೊದಲನೆಯವನಾಗಿ ಸುಣ್ಣ ಉಜ್ಜಿದ. ಟೇಪು ಕಟ್ಟೆಯಂಚಿಗೆ ಉಜ್ಜಿಕೊಂಡು ಇಳಿಯಿತು. ಕಳೆದ ಸಲ ನೀರು ಮುಟ್ಟಿದ ಗುರುತು ದಾಟಿತು, ಅದರ ಕೆಳಗೂ ಹೋಯಿತು. ಆಮೇಲೆ ತುದಿಯ ಗುಂಡು ಯಾವುದಕ್ಕೋ ಮೆತ್ತಗೆ ಕೂತು, ಟೇಪು ಕೈಯಲ್ಲಿ ಸಡಿಲಾಯಿತು. ಈ ಬಾವಿಯ ತಳ ಟೇಪಿಗೆ ಇದುವರೆಗೆ ಸಿಕ್ಕಿರಲಿಲ್ಲ.

ಎಳೆದುಕೊಂಡ. ಸುಣ್ಣ ಹಚ್ಚಿದ ಹಾಗೆಯೇ ಇತ್ತು. ಗುಂಡಿನ ಕೆಳಗೆ ಬೂದುಬಣ್ಣದ ಕೆಸರು ಒಂದಿಷ್ಟು ಅಂಟಿಕೊಂಡಿತ್ತು. ಅವನು ಏನೂ ಹೇಳದೆ ಗುಂಡನ್ನು ಒರೆಸಿ, ಟೇಪನ್ನು ಮುದುಕನ ಕೈಗೆ ಕೊಟ್ಟ.

"ನಾ ಏನ್ರಿ?"

"ಎರಡ್ ಬಾಯಿ ಬೇಕಲ್ರಿ ಅಜ್ಜಾರ. ಇಲ್ಲಿ ಇನ್ಯಾರದಾರ?"

ವಿರುಪಾಕ್ಷಪ್ಪ ಇಳಿಸಿದ. ಪ್ರತಿ ಸಲ ನಿಂತು ನೋಡಿದ್ದರಿಂದ ಅವನಿಗೆ ಎಲ್ಲ ಗೊತ್ತಿತ್ತು. ಟೇಪು ಸಡಿಲಾದಾಗ ಅವನ ಕೈ ಒಮ್ಮೆ ನಿಂತಿತು. ಮೇಲೆತ್ತಿ, ಇನ್ನೊಮ್ಮೆ ಇಳಿಸಿ ನೋಡಿದ. ಆಮೇಲೆ ಪೂರ್ತಿ ಎಳೆದುಕೊಂಡು ತುದಿಯನ್ನು ಬಿಸಿಲಿಗೆ ಹಿಡಿದ. ಬೆರಳಿನಿಂದ ಸುಣ್ಣ ಸವರಿದ. ಬೆರಳು ನೀಲಿಯಾಯಿತು, ಒದ್ದೆಯಾಗಲಿಲ್ಲ.

"ನೀವ ಹೇಳ್ರಿ ಮೊದ್ಲ," ಎಂದ.

"ಇಲ್ಲ. ನೀವ್ ಹೇಳ್ರಿ."

"ಬತ್ತೈತಿ," ಎಂದ ವಿರುಪಾಕ್ಷಪ್ಪ.

"ನನಗೂ ಹಂಗ ಕಂಡ್ತು."

ಎರಡು ಬಾಯಿ ಒಂದೇ ಮಾತು ಹೇಳಿತ್ತು. ಮುದುಕ ಉಡದಾರದಿಂದ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟ. ಇನ್ನು ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಶಿವಪುತ್ರನಿಗೆ ಆಗ ಅಳು ಬಂತು. ನಿನ್ನೆಯಿಂದ ದಾರಿ ತಪ್ಪಿಸಿಕೊಂಡು ತಿರುಗುತ್ತಿದ್ದದ್ದು ಈಗ ಹಿಡಿಯಿತು. ಕಟ್ಟೆಗೆ ಹಣೆ ಊರಿ ದನಿಯಿಲ್ಲದೆ ಅತ್ತ. ಮೊಯ್ದಿನ್ ಸತ್ತದ್ದಕ್ಕೆ ಅತ್ತನೋ, ಅವನು ಒಂದು ಸಲವಾದರೂ ಹೇಳಬೇಕೆಂದಿದ್ದ ಮಾತು ಸುಳ್ಳಾಗಿ ಉಳಿದದ್ದಕ್ಕೆ ಅತ್ತನೋ. ಎರಡಕ್ಕೂ ಇರಬೇಕು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಫಾಯಿಝ್.

"ಅಂಕಲ್, ಈಗ ಮಣ್ಣು ಹಾಕ್ತಿದ್ದಾರೆ." ಅವನ ಹಿಂದೆ ಬಹಳ ಜನರ ಗುಜುಗುಜು ಕೇಳುತ್ತಿತ್ತು. "ಇಲ್ಲಿ ತುಂಬಾ ಜನ ಬಂದಿದ್ದಾರೆ ಅಂಕಲ್. ಪಿಕಪ್‌ಗಳಲ್ಲಿ. ಕೆಲಸದ ಡ್ರೆಸ್ಸಲ್ಲೇ ಬಂದಿದ್ದಾರೆ. ನಂಗೆ ಒಬ್ರೂ ಗೊತ್ತಿಲ್ಲ. ಯಾರು ಅಂತ ಕೇಳಿದ್ರೆ ಬಾವಿಯವರು ಅಂತಾರೆ. ಒಬ್ರು ನನ್ನ ಕೈ ಬಿಡ್ತಾನೇ ಇಲ್ಲ. ಅಪ್ಪ ನನ್ನ ಬಗ್ಗೆ ಎಲ್ಲ ಹೇಳ್ತಿದ್ರಂತೆ ಅವ್ರಿಗೆ. ನನ್ನ ಮಾರ್ಕ್ಸ್ ಕೂಡ." ಅವನ ದನಿ ಮುರಿಯಿತು. "ನಿಮ್ಮ ಹತ್ರ ಮಣ್ಣಿದೆಯಾ ಅಂಕಲ್? ಈಗ ಹಾಕಿ."

"ಹ್ಞೂಂನಪ್ಪಾ. ಹಾಕ್ತೀನಿ."

ಫೋನನ್ನು ಹಾಗೆಯೇ ಕಟ್ಟೆಯ ಮೇಲಿಟ್ಟ, ಬೀಗದ ಕೈಯ ಪಕ್ಕ. ದೋಹಾದ ಕಡೆಗೆ ಮುಖ ಮಾಡಿ ನಿಂತ. ಎಲ್ಲಿ ಹಾಕುವುದು? ಸುತ್ತ ಮಣ್ಣೇ ಇತ್ತು. ಮಣ್ಣಿಗೆ ಮಣ್ಣು ಹಾಕಿದರೆ ಹಾಕಿದಂತಾಗುತ್ತದೆಯೇ? ಅವನು ಬಗ್ಗಿ ಬಾವಿಯ ಬುಡದಿಂದ ಒಂದು ಹಿಡಿ ಮಣ್ಣೆತ್ತಿಕೊಂಡು, ಕೈಯನ್ನು ಕಟ್ಟೆಯಾಚೆಗೆ ಚಾಚಿದ. ಬೆರಳು ಬಿಡಿಸುವ ಮೊದಲು ತಡೆದ. ಎಷ್ಟೋ ವರ್ಷಗಳ ಹಿಂದೆ ಮೊಯ್ದಿನ್ ಹಿಡಿದದ್ದು ಇದೇ ಕೈಯನ್ನು.

ಯಾರೂ ಹಿಡಿಯಲಿಲ್ಲ. ಬೆರಳು ಬಿಟ್ಟ.

ಎರಡನೆಯ ಹಿಡಿಯನ್ನೂ ಅವನೇ ಹಾಕಿದ. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ವಿರುಪಾಕ್ಷಪ್ಪ ತನ್ನ ಮುಷ್ಟಿಯನ್ನು ಮುಂದಕ್ಕೆ ಚಾಚಿದ್ದ. ಮುದುಕನ ಬೆರಳ ಸಂದಿನಿಂದ ಮಣ್ಣು ಕತ್ತಲೆಗೆ ಇಳಿಯಿತು. ಇಬ್ಬರೂ ಕಟ್ಟೆಗೆ ಬಗ್ಗಿ, ಉಸಿರು ಹಿಡಿದು, ನೀರಿನ ಸದ್ದಿಗೆ ಕಿವಿಗೊಟ್ಟರು. ಬಹಳ ಕೆಳಗಿನಿಂದ, ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದು ಬಂತು.